ಸ್ಕಾಪ್ಟಿ ತುಂಬಿಸಿದ ನೀರು

ಅಕ್ಟೋಬರ್ ತಿಂಗಳ ಎರಡನೆಯ ಗುರುವಾರ ಎಂದರೆ ಸ್ಕಾಪ್ಟಿಯ ಗಾಡಿ. ಇಪ್ಪತ್ತಾರು ವರ್ಷಗಳಿಂದ ಹಾಗೆಯೇ ನಡೆದುಬಂದಿದೆ. ಯಾರೂ ಫೋನು ಮಾಡಿ ನನ್ನನ್ನು ಕರೆಯಬೇಕಾಗಿಲ್ಲ, ನಾನೂ ಯಾರನ್ನೂ ಕೇಳಿಕೊಂಡು ಹೋಗುವುದಿಲ್ಲ. ಕೆನಡಾದ ವಿನಿಪೆಗ್ ಸರೋವರದ ಪಡುವಣ ದಂಡೆಯಲ್ಲಿ, ಐಸ್‌ಲ್ಯಾಂಡಿನಿಂದ ಬಂದವರು ಕಟ್ಟಿದ ನಮ್ಮ ಊರಿನಲ್ಲಿ ಮೋಟಾರ್‌ಹೋಮ್ ಎಂಬ, ಅಡುಗೆ ಸ್ನಾನ ಹಾಸಿಗೆ ಎಲ್ಲ ಒಳಗೇ ಇರುವ ಪ್ರವಾಸದ ಗಾಡಿ ಇಟ್ಟುಕೊಂಡವರು ನಲವತ್ತೊಂದು ಮನೆಯವರು. ಅಷ್ಟೂ ಗಾಡಿಗಳನ್ನು ಚಳಿಗಾಲಕ್ಕೆ ಸಿದ್ಧಮಾಡುವವಳು ನಾನೊಬ್ಬಳೇ. ಒಳಗಿನ ನೀರನ್ನೆಲ್ಲ ಹೊರಗೆ ಬಿಟ್ಟು, ಕೊಳವೆಗಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಿಸಿ, ಒಂದೊಂದು ನಲ್ಲಿಯಲ್ಲೂ ಗುಲಾಬಿ ಬರುವುದನ್ನು ಕಣ್ಣಾರೆ ನೋಡಿ ಬಾಗಿಲು ಹಾಕಿಕೊಂಡು ಬರುತ್ತೇನೆ. ಇಷ್ಟು ಮಾಡದಿದ್ದರೆ ಜನವರಿಯ ಮೈನಸ್ ಮೂವತ್ತೈದಕ್ಕೆ ನೀರು ಗಡ್ಡೆಕಟ್ಟಿ, ಉಬ್ಬಿ, ಕೊಳವೆ ಪಂಪು ನಲ್ಲಿ ಎಲ್ಲವನ್ನೂ ಸೀಳಿಹಾಕುತ್ತದೆ. ಏಪ್ರಿಲ್‌ನಲ್ಲಿ ಹಿಮ ಕರಗಿದ ದಿನ ನೆಲವೆಲ್ಲ ಕೆರೆ. ನಾನು ಕೈಯಿಟ್ಟ ಗಾಡಿಯಲ್ಲಿ ಇಂದಿನವರೆಗೆ ಒಂದು ಕೊಳವೆಯೂ ಒಡೆದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ನಮ್ಮ ಊರಿನವರು ಬಾಯಿಬಿಟ್ಟು ಹೊಗಳುವ ಪೈಕಿ ಅಲ್ಲ.

ನನ್ನ ಕೆಲಸಕ್ಕೆ ಒಂದು ಕ್ರಮವಿದೆ. ಬಂದವಳೇ ಬಾಗಿಲು ತಟ್ಟುವುದಿಲ್ಲ. ಗಾಡಿಯ ಕೆಳಗೆ ಅಂಗಾತ ತೂರಿಕೊಂಡು ಮೊದಲು ನೀರಿನ ಟ್ಯಾಂಕಿನ ತಿರುಪು ಬಿಚ್ಚುತ್ತೇನೆ. ತುಂಬಿದ ಟ್ಯಾಂಕಾದರೆ ನೂರೈವತ್ತು ಲೀಟರು, ಖಾಲಿಯಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಕಾಫಿಯದು. ಸಕ್ಕರೆಯ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅದರ ಮೂಲಕ ಕಪ್ಪು ಕಾಫಿಯನ್ನು ಹೀರುತ್ತಾ ಕೂತರೆ, ಕಾಲಡಿಯಲ್ಲಿ ನೀರು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಕೆಲಸ ಮೊದಲು, ಕಾಫಿ ಆಮೇಲೆ ಎನ್ನುವವರು ಬೇರೆ ಊರಿನವರು. ನಮ್ಮಲ್ಲಿ ಎರಡೂ ಒಟ್ಟಿಗೇ ಆಗಬೇಕು.

ಸ್ಕಾಪ್ಟಿ ಜುಲೈನಲ್ಲಿ ತೀರಿಕೊಂಡಿದ್ದ. ನನಗೆ ಗೊತ್ತಿಲ್ಲದ್ದೇನಲ್ಲ, ಮಣ್ಣಿಗೆ ಹೋಗಿದ್ದವಳೇ. ಆದರೂ ಗುರುವಾರ ಗುರುವಾರವೇ ಅಲ್ಲವೇ? ಗಂಡ ಹೋದನೆಂದು ಚಳಿ ಆ ಮನೆಯನ್ನು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಈ ರಾತ್ರಿ ಮೈನಸ್ ಹದಿನಾಲ್ಕು ಎಂದು ಬೆಳಿಗ್ಗೆಯೇ ರೇಡಿಯೋದಲ್ಲಿ ಹೇಳಿದ್ದರು.

ಆ ಮಧ್ಯಾಹ್ನದ ಬೆಳಕು ಮಾತ್ರ ಚಳಿಯ ಸುದ್ದಿಯನ್ನೇ ಕೇಳಿರಲಿಲ್ಲ. ಸರೋವರದ ಮೇಲಿಂದ ತೆಳುವಾದ ಮಂಜು ಎದ್ದು ಬಂದು ಊರಿನ ಬೀದಿಗಳಲ್ಲೆಲ್ಲ ಜೇನಿನ ಬಣ್ಣದಲ್ಲಿ ನಿಂತಿತ್ತು. ಗಾಳಿ ಎಳ್ಳಷ್ಟೂ ಇರಲಿಲ್ಲ. ಆದರೂ ಪಾಪ್ಲರ್ ಮರಗಳು ಒಂದೊಂದೇ ಹಳದಿ ಎಲೆಯನ್ನು ಕೈಬಿಡುತ್ತಿದ್ದವು, ಆ ಎಲೆಗಳಿಗೆ ನೆಲ ಮುಟ್ಟುವ ಅವಸರವಿರಲಿಲ್ಲ. ದಕ್ಷಿಣಕ್ಕೆ ಹೊರಟ ಬಾತುಗಳು ಎಲ್ಲೋ ಮೇಲೆ, ಕಣ್ಣಿಗೆ ಕಾಣದೆ, ಮಾತಾಡಿಕೊಂಡು ಹೋಗುತ್ತಿದ್ದವು. ನಾನು ಗಾಡಿಯ ಕೆಳಗೆ ತೂರಿ ತಿರುಪು ಬಿಚ್ಚಿದೆ. ನೀರು ಜಲ್ಲಿಕಲ್ಲಿನ ಮೇಲೆ ಬಿದ್ದು, ನನ್ನ ಭುಜದ ಪಕ್ಕದಲ್ಲೇ ಹಾದು, ಎಲೆಗಳನ್ನು ಎತ್ತಿಕೊಂಡು ಹುಲ್ಲಿನ ಕಡೆಗೆ ಹೊರಟಿತು. ಆ ಸದ್ದಿಗೆ ನನಗೆ ಜೊಂಪು ಹತ್ತಿತು. ಸತ್ಯ ಹೇಳುತ್ತೇನೆ, ಅಲ್ಲೇ ಅಂಗಾತ ಮಲಗಿ ಐದು ನಿಮಿಷ ಕಣ್ಣು ಮುಚ್ಚಿದೆ. ಸುಖವೆನಿಸಿತ್ತು.

ಎದ್ದು ಮನೆಯ ಕಡೆಗೆ ಹೊರಟವಳಿಗೆ ಗಾಡಿಯೊಳಗಿನಿಂದಲೇ ಕಾಫಿಯ ಪರಿಮಳ ಬಂತು. ಬಾಗಿಲು ತೆರೆದಿತ್ತು. ಸ್ಕಾಪ್ಟಿಯ ಹೆಂಡತಿ ಲೌಗಾ ಪುಟ್ಟ ಮೇಜಿನ ಹತ್ತಿರ ಕೂತಿದ್ದಳು. ಎಪ್ಪತ್ತಾರು ವರ್ಷ, ಹಕ್ಕಿಯಷ್ಟು ಮೈ, ಸೊಂಟ ಮುಟ್ಟುವ ಬಿಳಿ ಜಡೆ.

"ಯಾರು, ರೂನಾನಾ? ಬಾ ಒಳಗೆ. ನಿಂತ್ಕೊಂಡು ಚಳಿಗೆ ದಾರಿ ಮಾಡ್ಕೊಡಬೇಡ."

"ಅಷ್ಟು ದೊಡ್ಡ ಮನೆ ಬಿಟ್ಟು ಇಲ್ಲಿ ಯಾಕೆ ಕೂತಿದ್ದೀಯ?"

"ಹಾಂ?"

"ಇಲ್ಲಿ ಯಾಕೆ ಅಂದೆ!"

"ಕಿರುಚಬೇಡ. ಕಿವಿಯೊಳಗಿನ ಯಂತ್ರ ಮನೇಲಿ ಬಿಟ್ಟು ಬಂದಿದ್ದೀನಿ. ಇಲ್ಲಿ ಅದು ಬೇಡ, ಇಲ್ಲಿ ಎಲ್ಲಾ ಕೇಳ್ಸುತ್ತೆ."

ನಮ್ಮಲ್ಲಿ ಬಹುವಚನವಿಲ್ಲ, ಪಾದ್ರಿಯನ್ನೂ ಹೆಸರು ಹಿಡಿದೇ ಕರೆಯುವುದು. ಹಾಗಾಗಿ ನನಗಿಂತ ಹದಿನೆಂಟು ವರ್ಷ ದೊಡ್ಡವಳಾದ ಲೌಗಾಳೊಡನೆ ನಾನು ಗೆಳತಿಯ ಹಾಗೆ ಜಗಳವಾಡಬಲ್ಲೆ. ಎದುರಿಗೆ ಕೂತೆ. ಹಳದಿ ಪರದೆಯ ಮೂಲಕ ಬಂದ ಬೆಳಕು ಮೇಜು, ಬಟ್ಟಲು, ಅವಳ ಕೈಯ ನರಗಳು ಎಲ್ಲಕ್ಕೂ ಒಂದೇ ಬಣ್ಣ ಬಳಿದಿತ್ತು. ಒಣಹಣ್ಣಿನ ಪದರಗಳಿರುವ ಕೇಕಿನ ಒಂದು ತುಂಡನ್ನು ಅವಳು ನನ್ನ ಮುಂದಿಟ್ಟಳು. ನೆಲದಡಿಯಲ್ಲಿ ನೀರು ಹರಿಯುವ ಸದ್ದು ನನಗೆ ಕೇಳುತ್ತಿತ್ತು, ನಿದ್ದೆಯಲ್ಲಿ ಯಾರೋ ಮಾತಾಡಿದ ಹಾಗೆ. ಅವಳಿಗೆ ಕೇಳುತ್ತಿರಲಿಲ್ಲ. ನಾನು ಸಕ್ಕರೆ ಕಚ್ಚಿಕೊಂಡು ಕಾಫಿ ಹೀರಿದೆ.

"ಹೇಗಿದೆ?"

"ಚೆನ್ನಾಗಿದೆ. ನಿನ್ನ ಕಾಫಿ ಯಾವತ್ತು ಕೆಟ್ಟಿತ್ತು?"

"ಕಾಫಿಪುಡಿದಲ್ಲ ಕಣೇ, ನೀರಿಂದು. ಬಕ್ಕಿ ನೀರು."

ಬಕ್ಕಿ ಎಂದರೆ ಸ್ಕಾಪ್ಟಿ ಹುಟ್ಟಿ ಬೆಳೆದ ಹೊಲಮನೆ, ಊರಿನಿಂದ ಇಪ್ಪತ್ತು ಮೈಲಿ. ಅಲ್ಲಿಯ ಬಾವಿಗೆ ಪಂಪೇ ಬೇಕಿರಲಿಲ್ಲ, ನೆಲದಾಳದ ನೀರು ತಾನಾಗಿಯೇ ಉಕ್ಕಿ ಹಗಲೂ ರಾತ್ರಿ ಹರಿಯುತ್ತಿತ್ತು. ಹೊಲವನ್ನು ಮಾರಿ ಹದಿನೈದು ವರ್ಷವಾದರೂ ಪ್ರತಿ ಪ್ರಯಾಣಕ್ಕೆ ಮುಂಚೆ ಸ್ಕಾಪ್ಟಿ ಗಾಡಿಯನ್ನು ಅಲ್ಲಿಗೆ ಓಡಿಸಿ, ಕೊಂಡವರ ಒಪ್ಪಿಗೆ ಪಡೆದು, ಟ್ಯಾಂಕು ತುಂಬಿಸಿಕೊಂಡು ಬರುತ್ತಿದ್ದ. ಊರ ನಲ್ಲಿಯ ನೀರಿನಲ್ಲಿ ಕಾಫಿ ಮಾಡಿದರೆ ಮುಖ ಕಿವುಚುತ್ತಿದ್ದ.

"ಜುಲೈ ಹತ್ತೊಂಬತ್ತನೇ ತಾರೀಕು ತುಂಬಿಸ್ಕೊಂಡು ಬಂದ," ಎಂದಳು ಲೌಗಾ. "ಇಪ್ಪತ್ತಕ್ಕೆ ಹೊರಡಬೇಕಿತ್ತು. ಬೆಳಿಗ್ಗೆ ಒಂದು ಬೂಟು ಹಾಕ್ಕೊಂಡಿದ್ದ, ಇನ್ನೊಂದು ಕೈಯಲ್ಲಿತ್ತು. ನಿನಗೆ ಅದೆಲ್ಲ ಗೊತ್ತಲ್ಲ. ಅದಾದ ಮೇಲೆ ದಿನಾ ಒಂದು ಕೆಟಲ್ ನೀರು, ಇಲ್ಲೇ ಕೂತು ಒಂದು ಕಾಫಿ. ಒಂದು ದಿನಾನೂ ತಪ್ಪಿಸಿಲ್ಲ."

ನನ್ನ ಬಾಯಲ್ಲಿದ್ದ ಸಕ್ಕರೆ ಕರಗುವುದನ್ನೇ ನಿಲ್ಲಿಸಿತು. ನೆಲದಡಿಯ ಸದ್ದು ಆಗಲೇ ಸಣ್ಣಗಾಗಿತ್ತು.

"ಲೌಗಾ..." ಎಂದು ಏಳಹೊರಟವಳನ್ನು ಅವಳು ಕೈಹಿಡಿದು ಕೂರಿಸಿದಳು.

"ಇರು, ಹೇಳ್ತೀನಿ. ಇಷ್ಟು ದಿನ ಹೇಗೆ ಸಾಕಾಯ್ತು ಅಂತ ಕೇಳ್ತೀಯ ತಾನೆ? ಅಲ್ಲೇ ಇರೋದು ನನ್ನ ಜಾಣತನ." ಅವಳು ಮುಂದಕ್ಕೆ ಬಾಗಿದಳು. ಗುಟ್ಟು ಹೇಳುವ ಹುಡುಗಿಯ ಮುಖವಾಗಿತ್ತು ಅದು. "ಸ್ಕೀರ್ ಮೊಸರಿಗೆ ಹೆಪ್ಪು ಹೇಗೆ ಉಳಿಸ್ತೀವಿ? ಪೂರ್ತಿ ತಿಂದು ಮುಗಿಸಲ್ಲ, ಒಂದಿಷ್ಟು ತಳದಲ್ಲಿ ಬಿಟ್ಟು ಅದಕ್ಕೇ ಹೊಸ ಹಾಲು ಹಾಕ್ತೀವಿ. ನಮ್ಮನೆ ಹೆಪ್ಪು ನನ್ನ ತಾಯಿ ಕೊಟ್ಟಿದ್ದು, ಐವತ್ತು ವರ್ಷದಿಂದ ಅದೇ. ಹಾಗೇ ಇದೂನೂ. ನೀರು ಮೂರನೇ ಒಂದು ಪಾಲಿಗೆ ಇಳೀತು ಅಂದ್ರೆ ಹಿತ್ತಲ ಪೈಪ್ ಎಳ್ಕೊಂಡು ಬಂದು ಊರ ನೀರು ಸೇರಿಸ್ತೀನಿ. ಅವನು ತುಂಬಿಸಿದ್ದು ಯಾವತ್ತೂ ಮುಗಿಯಲ್ಲ. ರುಚಿ ನೋಡು ಬೇಕಾದ್ರೆ, ಈಗಲೂ ಬಕ್ಕಿದೇ."

ಬಕ್ಕಿಗೆ ಹೋಗಿ ಇನ್ನಷ್ಟು ತರೋಣ ಎಂದು ಬಾಯಿಗೆ ಬಂದದ್ದು ಅಲ್ಲೇ ಉಳಿಯಿತು. ಈಗಿನ ಯಜಮಾನ ಸೆಪ್ಟೆಂಬರಿನಲ್ಲಿ ಆ ಬಾವಿಯ ಬಾಯಿಗೆ ಸಿಮೆಂಟು ಹಾಕಿಸಿದ್ದು ಊರಿಗೆಲ್ಲ ಗೊತ್ತಿತ್ತು.

"ಅದಕ್ಕೇ ಈ ವರ್ಷ ನೀನು ಈ ಗಾಡಿ ಮುಟ್ಟಬೇಡ," ಎಂದಳು. "ಇವತ್ತೇ ಗುರುವಾರ ಅಂತ ಗೊತ್ತಾಗಲಿಲ್ಲ, ನಾಳೆ ಫೋನ್ ಮಾಡಿ ಹೇಳೋಣ ಅಂತಿದ್ದೆ, ನೀನೇ ಬಂದೆ. ಸಿಂಕಿನ ಕೆಳಗೆ ಒಂದು ಹೀಟರ್ ಇಟ್ಟಿದ್ದೀನಿ. ನೋಡು, ಎಷ್ಟಿದೆ ಅಂತ ತೋರಿಸ್ತೀನಿ."

ಗೋಡೆಯ ಮೇಲೆ ಟ್ಯಾಂಕಿನ ಮಟ್ಟ ತೋರಿಸುವ ನಾಲ್ಕು ದೀಪಗಳಿವೆ. ಅವಳು ಗುಂಡಿ ಒತ್ತಿದಳು. ಕಟ್ಟಕಡೆಯ ಕೆಂಪು ದೀಪ ಮಾತ್ರ ಹೊತ್ತಿಕೊಂಡಿತು. ಬೆರಳು ತೆಗೆದು ಇನ್ನೊಮ್ಮೆ ಒತ್ತಿದಳು.

"ಬಲ್ಬು ಕೆಟ್ಟಿರ್ಬೇಕು," ಎಂದಳು.

ನಾನು ಹಾರಿ ಹೊರಗೋಡಿದೆ. ಗಾಡಿಯ ಕೆಳಗೆ ತೂರಿ ತಿರುಪು ಬಿಗಿದೆ. ಆದರೆ ತಡೆಯಲು ಏನೂ ಉಳಿದಿರಲಿಲ್ಲ. ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಜಲ್ಲಿಕಲ್ಲು ಒದ್ದೆಯಾಗಿ ಕಪ್ಪಗಿತ್ತು. ನೀರು ಹೊತ್ತುಕೊಂಡು ಹೋದ ಹಳದಿ ಎಲೆಗಳು ಹುಲ್ಲಿನಂಚಿಗೆ ಸಾಲುಗಟ್ಟಿ ಮಲಗಿದ್ದವು. ಹೊರಗೆ ಬಂದು ನೋಡಿದರೆ ಲೌಗಾ ಮೆಟ್ಟಿಲ ಮೇಲೆ ನಿಂತು ಆ ಎಲೆಗಳನ್ನೇ ನೋಡುತ್ತಿದ್ದಳು. ಯಾರೂ ಅವಳಿಗೆ ಏನೂ ಹೇಳಬೇಕಾಗಿರಲಿಲ್ಲ.

ಕ್ಷಮೆ ಕೇಳಿ ಅಭ್ಯಾಸವಿಲ್ಲದವಳು ನಾನು. ಕೇಳಿದೆ. ಕೇಳುತ್ತಾ ಕೇಳುತ್ತಾ ಸಿಟ್ಟೂ ಬಂತು, ನನ್ನ ಸಿಟ್ಟಿಗೆ ಹೊತ್ತುಗೊತ್ತು ಯಾವತ್ತೂ ಇಲ್ಲ.

"ಮೊದಲೇ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ಮೊದಲು ಬಾಗಿಲು ತಟ್ಟೋಕೆ ನಿನಗೇನಾಗಿತ್ತು?"

ಅವಳು ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಮ್ಮನೆ ಕೂತು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಚ್ಚುತ್ತಿದ್ದಳು. ಎಂಬತ್ತು ದಿನಕ್ಕೂ ಮೇಲೆ ಒಬ್ಬ ಮನುಷ್ಯನನ್ನು ಮುಗಿಯದಂತೆ ಕಾಪಾಡಿಕೊಂಡು ಬಂದಿದ್ದಳು, ನಾನು ಕಾಫಿ ಕುಡಿಯುವಷ್ಟರಲ್ಲಿ ಅವನನ್ನು ಹುಲ್ಲಿಗೆ ಚೆಲ್ಲಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಲವತ್ತೊಂದು ಗಾಡಿಗಳ ಹೆಮ್ಮೆ ಎಲ್ಲಿ ಹೋಯಿತೋ.

ಏನೂ ತೋಚದೆ ಇದ್ದಾಗ ನನ್ನ ಕೈ ಮುಂದಿನ ಕೆಲಸಕ್ಕೆ ಹೋಗುತ್ತದೆ. ಟ್ಯಾಂಕು ಖಾಲಿಯಾದ ಮೇಲೆ ಬಿಸಿನೀರಿನ ಹಂಡೆ. ಅದು ಗಾಡಿಯ ಪಕ್ಕದ ಗೋಡೆಯಲ್ಲಿ, ಒಂದು ಸಣ್ಣ ತಗಡಿನ ಬಾಗಿಲ ಹಿಂದೆ ಇರುತ್ತದೆ. ಬಾಗಿಲು ತೆಗೆದು, ಬುಡದ ಬಿರಡೆಗೆ ಸ್ಪ್ಯಾನರ್ ಹಚ್ಚಿದವಳು ಹಾಗೇ ನಿಂತೆ. ಟ್ಯಾಂಕು ಖಾಲಿಯಾದರೂ ಹಂಡೆ ಖಾಲಿಯಾಗುವುದಿಲ್ಲ, ಅದರ ನೀರು ಅದರಲ್ಲೇ ಇರುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಮಾತ್ರ ಹಳೆಯದು ಹೊರಗೆ ಹೋಗಿ ಹೊಸದು ಒಳಗೆ ಬರಬೇಕು.

ಓಡಿಬಂದು ಅವಳ ಕಿವಿಯ ಹತ್ತಿರ ಬಾಗಿದೆ. "ಲೌಗಾ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಜುಲೈ ಆದ ಮೇಲೆ ಈ ಗಾಡಿಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದ್ಯಾ?"

"ಯಾಕೆ ತಿರುಗಿಸಲಿ? ಕಾಫಿಗೆ ತಣ್ಣೀರು ಹಿಡಿದು ಕಾಯಿಸ್ಕೋತೀನಿ."

"ಸಿಂಕಿನಲ್ಲಿ? ಸ್ನಾನದ ಕಡೆ? ಕೈ ತೊಳೆಯೋಕೆ?"

"ಇಲ್ಲ ಅಂದ್ನಲ್ಲ. ಹಂಡೆ ಹೊತ್ತಿಸೋದು ಅವನ ಕೆಲಸ. ನಾನು ಅದರ ತಂಟೆಗೇ ಹೋಗಿಲ್ಲ."

"ಹಾಗಿದ್ರೆ ಇಪ್ಪತ್ತೆರಡು ಲೀಟರ್ ಇದೆ ಅದರೊಳಗೆ. ಹತ್ತೊಂಬತ್ತನೇ ತಾರೀಕು ಅವನು ತುಂಬಿಸಿದಾಗ ಒಳಗೆ ಹೋಗಿದ್ದು ಹಾಗೇ ಇದೆ. ನೀನು ಸೇರಿಸಿದ ಊರ ನೀರು ಒಂದು ಹನೀನೂ ಅದಕ್ಕೆ ಸೇರಿಲ್ಲ."

ಅವಳು ಎದ್ದು ಬಂದು ಹಂಡೆಯ ತಗಡಿನ ಮೇಲೆ ಅಂಗೈ ಇಟ್ಟಳು. ಎಷ್ಟು ಹೊತ್ತು ಇಟ್ಟಿದ್ದಳೋ ನನಗೆ ತಿಳಿಯದು. ಬೆಳಕು ಜೇನಿನ ಬಣ್ಣದಿಂದ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮಂಜು ಗಾಡಿಯ ಚಕ್ರಗಳವರೆಗೂ ಬಂದಿದ್ದರಿಂದ, ನಾವು ಮೂವರೂ, ಎಂದರೆ ಅವಳು, ನಾನು, ಗಾಡಿ, ನೆಲದಿಂದ ಒಂದಿಷ್ಟು ಮೇಲೆ ತೇಲುತ್ತಿದ್ದೇವೆ ಎನಿಸುತ್ತಿತ್ತು. ಹೇಳಬೇಕಾದದ್ದನ್ನು ನಾನು ಹೇಳಲೇಬೇಕಿತ್ತು.

"ಆದ್ರೆ ಇದನ್ನೂ ಇವತ್ತೇ ಬಿಡಬೇಕು ಕಣೇ. ಮೈನಸ್ ಹದಿನಾಲ್ಕು ಅಂದಿದ್ದಾರೆ. ನಿನ್ನ ಹೀಟರ್ ಸಿಂಕಿನ ಕೆಳಗಿದೆ, ಅದರ ಬಿಸಿ ಇಲ್ಲಿಗೆ ಬರಲ್ಲ. ಹಂಡೆ ಸೀಳಿಹೋದ್ರೆ ನೀರೂ ಇಲ್ಲ, ಹಂಡೆಯೂ ಇಲ್ಲ. ಮನೇಲಿ ಗಾಜಿನ ಭರಣಿಗಳಿವೆ ತಾನೆ? ತುಂಬಿಸಿ ನೆಲಮಾಳಿಗೆಯಲ್ಲಿ ಇಡೋಣ."

"ಭರಣಿ ತೊಳೆದಿಲ್ಲ," ಎಂದಳು ಅವಳು, ಎಲ್ಲೋ ನೋಡುತ್ತಾ.

"ಸ್ವಲ್ಪ ಬಿಟ್ಟು ನೋಡ್ತೀನಿ ಇರು, ಹೇಗಿದೆ ಅಂತ." ಹಂಡೆಯ ಮೇಲಿನ ಸಣ್ಣ ಕೀಲನ್ನು ಎತ್ತಿದೆ. ಉಸಿರು ಬಿಟ್ಟ ಹಾಗೆ ಸದ್ದಾಗಿ ಒಂದು ಗುಟುಕು ನೀರು ಹೊರಗೆ ಬಂತು. ಅದರ ಹಿಂದೆಯೇ ವಾಸನೆ ಬಂತು. ಕೊಳೆತ ಮೊಟ್ಟೆಯದು, ಸಂದೇಹವೇ ಬೇಡ. ತಿಂಗಳುಗಟ್ಟಲೆ ಹಂಡೆಯಲ್ಲಿ ನಿಂತ ಬಾವಿನೀರು ಹೀಗಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆ ಗಳಿಗೆಯಲ್ಲಿ ಮರೆತುಹೋಗಿತ್ತು. ನಾನು ಮೂಗು ಮುಚ್ಚಿಕೊಂಡೆ. ಅವಳ ಮುಖ ನೋಡಲು ಧೈರ್ಯ ಬರಲಿಲ್ಲ.

ಲೌಗಾ ನಗುತ್ತಿದ್ದಳು. ಮೊದಲು ಸದ್ದಿಲ್ಲದೆ, ಆಮೇಲೆ ಭುಜ ಕುಲುಕಿಸಿ, ಕೊನೆಗೆ ಗಾಡಿಗೆ ಒರಗಿಕೊಂಡು.

"ಥೂ, ಸ್ಕಾಪ್ಟಿ! ಮೂರು ತಿಂಗಳಿಗೇ ಇಷ್ಟು ನಾರ್ತಿದ್ದೀಯಲ್ಲೋ!"

ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೊರೆಸಿಕೊಳ್ಳುವ ಮಟ್ಟಕ್ಕೆ ನಕ್ಕೆವು, ಆ ಕಣ್ಣೀರಿನಲ್ಲಿ ನಗುವಿನದೆಷ್ಟು ಎಂದು ಲೆಕ್ಕ ಹಾಕಲು ನಾನು ಹೋಗಲಿಲ್ಲ.

"ನನ್ನ ಅಮ್ಮ ಹೇಳ್ತಿದ್ದಳು," ಎಂದಳು ಅವಳು. ನಮ್ಮಲ್ಲಿ ಅಮ್ಮ ಎಂದರೆ ಅಜ್ಜಿ. "ಐಸ್‌ಲ್ಯಾಂಡಲ್ಲಿ ನೆಲದಿಂದ ಕುದೀತಾ ಬರೋ ನೀರಿಗೆ ಇದೇ ವಾಸನೆಯಂತೆ. ಅಲ್ಲಿ ಎಲ್ಲರೂ ಅದರಲ್ಲೇ ಮೀಯೋರಂತೆ. ಹಡಗು ಹತ್ತಿ ಇಲ್ಲಿಗೆ ಬಂದ ಮೇಲೆ ಸಾಯೋವರೆಗೂ ಆ ವಾಸನೆ ಬೇಕು ಅಂತ ಹಂಬಲಿಸಿದಳು ಪಾಪ."

ಅವಳು ಕೀಲಿನಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಬೆರಳೊಡ್ಡಿದಳು.

"ಭರಣಿ ಬೇಡ ರೂನಾ. ಭರಣಿಯಲ್ಲಿಟ್ಟರೆ ಚಳಿಗಾಲ ಪೂರ್ತಿ ನೆಲಮಾಳಿಗೆಯಲ್ಲೇ ಕೂತಿರ್ತೀನಿ, ನನ್ನ ಬುದ್ಧಿ ನನಗೆ ಗೊತ್ತು." ಒದ್ದೆ ಬೆರಳನ್ನು ಜಡೆಗೆ ಒರೆಸಿಕೊಂಡಳು. "ನಿನಗೆ ಒಂದು ವಿಷಯ ಗೊತ್ತಾ? ಈ ಗಾಡಿಯಲ್ಲಿ ಮೂವತ್ತು ವರ್ಷ ಸುತ್ತಿದ್ದೀವಿ. ಮೊದಲು ಸ್ನಾನಕ್ಕೆ ಹೋಗೋನು ಅವನು. ಹಾಡು ಹೇಳ್ಕೊಂಡು ಮೀಯೋನು. ನನ್ನ ಸರದಿ ಬರೋ ಹೊತ್ತಿಗೆ ಹಂಡೆ ತಣ್ಣಗೆ. ಮೂವತ್ತು ವರ್ಷದಲ್ಲಿ ಒಂದು ದಿನ ನನಗೆ ಅಂತ ಬಿಸಿನೀರು ಉಳಿಸಲಿಲ್ಲ ಆ ಮನುಷ್ಯ."

ನಾನು ಕೀಲನ್ನು ಕೆಳಗೆ ಒತ್ತಿ ಹನಿ ನಿಲ್ಲಿಸಿದೆ.

"ಇವತ್ತು ಇಡೀ ಹಂಡೆ ಉಳಿಸಿದ್ದಾನೆ," ಎಂದಳು. "ಕಾಯಿಸು."

ಒಲೆ ಹೊತ್ತಿಸಿದೆ. ಹಂಡೆಯ ಬುಡದಲ್ಲಿ ನೀಲಿ ಉರಿ ಗುನುಗತೊಡಗಿತು. ಕೈಗೆ ಹಿತವಾದ ಬಿಸಿ ತಾಗುವಷ್ಟು ಕಾದ ಮೇಲೆ ಆರಿಸಿ, ಬಿರಡೆ ಕಿತ್ತೆ. ಹಬೆಯಾಡುತ್ತಾ, ನಾರುತ್ತಾ, ಕಮಾನಾಗಿ ಹಾರಿದ ನೀರನ್ನು ನನ್ನ ಎರಡು ಬಕೆಟ್ಟುಗಳಿಗೆ ಹಿಡಿದೆ. ಜಲ್ಲಿಕಲ್ಲಿಗೆ ಬಿದ್ದದ್ದು ಬಹಳವಾದರೆ ಒಂದು ಬಟ್ಟಲು. ನನ್ನ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅಷ್ಟು ಜೋಪಾನದಿಂದ ನೀರು ಬಿಟ್ಟದ್ದು ಅದೊಂದೇ ಸಲ.

ಗಾಡಿಯ ಸ್ನಾನದ ಗೂಡಿನಲ್ಲಿ ಒಂದು ಸ್ಟೂಲು ಹಾಕಿ ಅವಳನ್ನು ಕೂರಿಸಿದೆ. ಬಟ್ಟೆ ಕಳಚಿ ಬೆನ್ನು ತಿರುಗಿಸಿ ಕೂತವಳು ನಾನು ಬೇರೆ ಕಡೆ ನೋಡುತ್ತಿದ್ದೇನೆಂದು ಗದರಿದಳು.

"ನಾಚ್ಕೊಳ್ಳೋ ವಯಸ್ಸಾ ಇದು ನಿಂದು? ನೀರು ಹಾಕು, ಆರಿಹೋಗುತ್ತೆ."

ಜಡೆ ಬಿಚ್ಚಿದೆ. ಬಿಳಿ ಕೂದಲು ಸ್ಟೂಲಿನಿಂದಲೂ ಕೆಳಗೆ ಇಳಿಯಿತು. ಮಗ್ಗಿನಲ್ಲಿ ಮೊಗೆದು ನೆತ್ತಿಯ ಮೇಲೆ ಸುರಿದೆ. ಅವಳು ಹಾ ಎಂದು ಉಸಿರೆಳೆದಳು. ಇನ್ನೊಂದು ಮಗ್ಗು, ಮತ್ತೊಂದು. ನೀರು ಅವಳ ಕತ್ತು, ಬೆನ್ನಿನ ಮೂಳೆಗಳು, ಸೊಂಟ ಎಲ್ಲವನ್ನೂ ಹುಡುಕಿಕೊಂಡು ಇಳಿಯುತ್ತಿತ್ತು. ಹಬೆ ಗೂಡಿನಲ್ಲಿ ತುಂಬಿ ಕಿಟಕಿ ಮಂಕಾಯಿತು. ಹೊರಗಿನ ಮಂಜು ಯಾವುದು, ಒಳಗಿನ ಹಬೆ ಯಾವುದು ಎಂದು ತಿಳಿಯದ ಹಾಗಾಯಿತು. ಸ್ವಲ್ಪ ಹೊತ್ತಿಗೆ ಮೊಟ್ಟೆಯ ವಾಸನೆ ನನ್ನ ಮೂಗಿಗೂ ಒಗ್ಗಿಹೋಯಿತು. ಅದರಡಿಯಲ್ಲಿ ಕಬ್ಬಿಣದ, ಸುಣ್ಣಕಲ್ಲಿನ, ಯಾವುದೋ ಆಳದ ತಂಪಿನ ವಾಸನೆಯೂ ಇತ್ತು. ಅವಳು ಕಣ್ಣು ಮುಚ್ಚಿ ಸಣ್ಣಗೆ ಏನೋ ಗುನುಗುತ್ತಿದ್ದಳು. ರಾಗ ಅವಳದಲ್ಲ, ಗಂಡಸರು ಹೇಳುವ ದೋಣಿಯ ಹಾಡು. ನನ್ನ ಕೈ ನಿಲ್ಲಲಿಲ್ಲ. ನಿಲ್ಲಿಸಿದ್ದರೆ ನಾನು ಅಳುತ್ತಿದ್ದೆ.

ಎರಡನೆಯ ಬಕೆಟ್ಟಿನ ತಳ ಮುಟ್ಟಿದಾಗ ಮಗ್ಗು ಕೆರೆದ ಸದ್ದಾಯಿತು. ಅದು ಹೇಗೋ ಅವಳಿಗೆ ಕೇಳಿಸಿತು.

"ಎಷ್ಟಿದೆ?"

"ಒಂದು ಮಗ್ಗು. ಕೊನೇದು. ತಲೆ ಬಗ್ಗಿಸು."

"ಬೇಡ. ಅಷ್ಟು ಬಿಡು." ಅವಳು ಕೂದಲನ್ನು ಹಿಂಡಿಕೊಳ್ಳುತ್ತಾ ಎದ್ದುನಿಂತಳು. "ಇನ್ನೊಬ್ಬರಿಗೆ ಇಲ್ಲದ ಹಾಗೆ ಖಾಲಿ ಮಾಡೋ ಬುದ್ಧಿ ಅವನದು, ನಂದಲ್ಲ."

ಅವಳು ಮನೆಗೆ ಹೋದ ಮೇಲೆ ಉಳಿದ ಕೆಲಸ ಮುಗಿಸಿದೆ. ಪಂಪು ಗುಲಾಬಿಯನ್ನು ಎಳೆದುಕೊಂಡಿತು. ಅಡುಗೆಯ ನಲ್ಲಿ, ಸಿಂಕು, ಸ್ನಾನದ ಕಡೆಯದು, ಶೌಚದ್ದು, ಹೊರಗಿನದು, ಎಲ್ಲದರಲ್ಲೂ ಬಣ್ಣ ಬಂತು. ಆ ಒಂದು ಮಗ್ಗು ನೀರಿದ್ದ ಬಕೆಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಗಾಡಿಯ ಮೆಟ್ಟಿಲ ಪಕ್ಕದಲ್ಲಿಟ್ಟು ಹೊರಟುಬಂದೆ.

ಮಾರನೆಯ ಬೆಳಿಗ್ಗೆ ಬೇರೆ ಮನೆಯ ಕೆಲಸಕ್ಕೆ ಬಕೆಟ್ಟು ಬೇಕಾಗಿ ಹೋದೆ. ಹೇಳಿದ ಹಾಗೆಯೇ ಚಳಿ ಬಂದಿತ್ತು. ಹುಲ್ಲು ಬೆಳ್ಳಗಾಗಿತ್ತು. ಬಕೆಟ್ಟಿನ ತಳದಲ್ಲಿ ನೀರು ಗಟ್ಟಿಯಾಗಿ, ನಡುವೆ ಸ್ವಲ್ಪ ಉಬ್ಬಿ, ತಳದಗಲದ ಬಿಲ್ಲೆಯಾಗಿ ಕೂತಿತ್ತು. ಬಿಸಿಲು ಅದರೊಳಗೆ ಹೊಕ್ಕಿತ್ತು. ಮಗುಚಿ, ತಳಕ್ಕೆ ಒಂದು ಪೆಟ್ಟು ಕೊಟ್ಟಿದ್ದರೆ ಸಾಕಿತ್ತು, ಉದುರಿಬಿಡುತ್ತಿತ್ತು. ನಾನು ಬಗ್ಗಿ ನೋಡಿದೆ, ಹಿಡಿಯನ್ನೂ ಹಿಡಿದೆ, ಆಮೇಲೆ ಬಿಟ್ಟು ಬರಿಗೈಯಲ್ಲಿ ವಾಪಸು ಬಂದೆ.